ಹಳೇ ಹೆಂಚಿನ ಮನೆಯನ್ನ ಗಾಳಿ-ಮಳೆಗೆ ಗಟ್ಟಿ ಮಾಡಿಸೋಕೆ ಸಹಾಯಧನ ಸಿಗುತ್ತಾ? (ಮಂಡ್ಯ)

ನಾಲೆಬಯಲು:
ಮಂಡ್ಯ ತಾಲ್ಲೂಕು, ಗ್ರಾಮಠಾಣಾ (ಊರೊಳಗಿನ ವಾಸದ ಜಾಗ) ಮನೆ. 20×30 ಅಡಿ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮಂಗಳೂರು ಹೆಂಚು. ಏಪ್ರಿಲ್-ಮೇ ಬಿರುಗಾಳಿಗೆ ಸೂರಿನ ಸಾಲಿನ ಹೆಂಚು ಏಳುತ್ತೆ, ಒಂದು ಕಡೆ ಗೋಡೆ ಬುಡ ಕರಗ್ತಾ ಇದೆ. ಖಾತೆ ತಂದೆ ಹೆಸರಲ್ಲಿ, ಇ-ಸ್ವತ್ತು (ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ) ಆಗಿಲ್ಲ. ಮನೆ ಬೀಳೋ ಮುಂಚೆಯೇ ರಿಪೇರಿಗೆ ದುಡ್ಡು ಕೊಡೋ ಯೋಜನೆ ಇದೆಯಾ? ಹೆಂಚು ಇಳಿಸಿ ತಗಡಿನ ಶೀಟು ಹಾಕಿಸಿದ್ರೆ ಸಾಕಾ? ಕೈಯಲ್ಲಿರೋದು ಒಂದು ಲಕ್ಷದ ಆಸುಪಾಸು.

ಮಹಜರು:
ಮೊದಲನೇದಕ್ಕೆ ಉತ್ತರ ನೇರವಾಗಿ ಹೇಳ್ತೀನಿ: ನಿಂತಿರೋ ಮನೆ ಗಟ್ಟಿ ಮಾಡಿಸೋಕೆ ಅಂತಲೇ ನೀವು ನೆಚ್ಚಿಕೊಳ್ಳಬಹುದಾದ ಸಹಾಯಧನ ಇಲ್ಲ. ದುಡ್ಡು ಬರೋದು ಎರಡು ದಾರಿಯಲ್ಲಿ. ಒಂದು ಬಿದ್ದ ಮೇಲೆ, ಇನ್ನೊಂದು ಹೊಸ ಮನೆಗೆ.

ಬಿದ್ದ ಮೇಲೆ ಬರೋದು ರಾಜ್ಯ ವಿಪತ್ತು ಪರಿಹಾರ ನಿಧಿಯದ್ದು. 2022–26ರ ಕೇಂದ್ರದ ಮಾರ್ಗಸೂಚಿ ಪ್ರಕಾರ ಪೂರ್ತಿ ಅಥವಾ ತೀವ್ರವಾಗಿ ಹಾನಿಯಾದ ಮನೆಗೆ ಬಯಲುಸೀಮೆಯಲ್ಲಿ 1.20 ಲಕ್ಷ ರೂ. ಭಾಗಶಃ ಅಂತ ಬರೆದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂ., ಅದೂ ಹಾನಿ ಕನಿಷ್ಠ ಶೇ 15 ಇದ್ರೆ. ಮನೆಗೆ ಅಂಟಿಕೊಂಡ ಕೊಟ್ಟಿಗೆಗೆ 3,000. 2019ರ ನೆರೆಯಲ್ಲಿ ರಾಜ್ಯ ಸರ್ಕಾರ 5 ಲಕ್ಷ ಘೋಷಿಸಿದ್ದನ್ನ ನೆನೆಸ್ಕೊಂಡು ಲೆಕ್ಕ ಹಾಕಬೇಡಿ, ಅದು ಆ ಹೊತ್ತಿನ ಪ್ರತ್ಯೇಕ ಆದೇಶ.

ಜನ ಎಡವೋದು ಮಹಜರಿನಲ್ಲಿ, ಅಂದ್ರೆ ಅಧಿಕಾರಿಗಳು ಸ್ಥಳ ನೋಡಿ ಬರೆಯೋ ಹಾನಿಯ ವರದಿಯಲ್ಲಿ. ಅದೇ ಮಾರ್ಗಸೂಚಿಯ ಪಟ್ಟಿಯಲ್ಲಿರೋದು 12 ವಿಪತ್ತು. ನೆರೆ, ಆಲಿಕಲ್ಲು, ಮೇಘಸ್ಫೋಟ, ಚಂಡಮಾರುತ ಇವೆ. ಬರೀ ಗಾಳಿ, ಸಿಡಿಲು ಇಲ್ಲ. ಅವನ್ನ ರಾಜ್ಯ ತನ್ನ ಪಟ್ಟಿಗೆ ಸೇರಿಸಿಕೊಂಡು ನಿಧಿಯ ಶೇ 10ರವರೆಗೆ ಖರ್ಚು ಮಾಡಬಹುದು, ಅಷ್ಟೇ. ಹಂಗಾಗಿ ಗಾಳಿ ಜೊತೆ ಆಲಿಕಲ್ಲು ಬಿದ್ದಿದ್ರೆ ಅದು ಮಹಜರಿನಲ್ಲಿ ಇರಬೇಕು. ಬಿದ್ದಿಲ್ಲದ್ದನ್ನ ಬರೆಸೋದು ಬೇಡ. ಈಗಲೇ ಮನೆಯ ನಾಲ್ಕೂ ಕಡೆ, ಒಳಗೆ-ಹೊರಗೆ ದಿನಾಂಕ ಬರೋ ಹಾಗೆ ಫೋಟೊ ತೆಗೆದಿಡಿ. ಹಾನಿ ಆದ ದಿನವೇ ಗ್ರಾಮ ಆಡಳಿತ ಅಧಿಕಾರಿಗೂ ಪಿಡಿಒಗೂ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಎಂಜಿನಿಯರ್ ನೋಡೋ ಮುಂಚೆ ಅವಶೇಷ ತೆಗೀಬೇಡಿ. ಅಪಾಯ ಇದ್ದು ತೆಗೀಲೇಬೇಕಾದ್ರೆ ಫೋಟೊ ತೆಗೆದ ಮೇಲೆ.

ಇ-ಸ್ವತ್ತು ಇವತ್ತೇ ಶುರು ಮಾಡಿ. ಗ್ರಾಮಠಾಣಾ ಮನೆಗೆ ನಮೂನೆ 9 ಮತ್ತು 11ಎ. ಪರಿಹಾರ, ವಸತಿ ಯೋಜನೆ, ಬ್ಯಾಂಕು, ಎಲ್ಲಿಗೆ ಹೋದ್ರೂ ಇದನ್ನೇ ಕೇಳ್ತಾರೆ. ತಂದೆಯವರ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ನೋಡಿಬಿಡಿ.

ತೀರುತೊಲೆ:
ಎರಡನೇ ಪ್ರಶ್ನೆಗೆ: ಹೆಂಚು ಇಳಿಸಬೇಡಿ ಅಣ್ಣ. ತಗಡು ಹಾಕಿದ ತಕ್ಷಣ ಗಟ್ಟಿ ಅನ್ನೋದು ತಪ್ಪು ಲೆಕ್ಕ.

ನಮ್ಮ ಭಾಗದ ಮನೆಗಳಿಗೆ ಲೆಕ್ಕಕ್ಕೆ ಹಿಡಿಯೋ ಗಾಳಿ ವೇಗ ಸೆಕೆಂಡಿಗೆ 33 ಮೀಟರ್. ಅದರ ಒತ್ತಡ ಚದರ ಮೀಟರಿಗೆ ಸುಮಾರು 65 ಕೆಜಿ. ನಿಮ್ಮ ಮನೆಯ ಮಾಡು (ಛಾವಣಿ) ಸೂರು ಸೇರಿ 78 ಚದರ ಮೀಟರ್ ಅಂದ್ಕೊಳ್ಳಿ, ಮೇಲಕ್ಕೆ ಎತ್ತೋ ಬಲ ಐದು ಟನ್ನಿನ ಹತ್ತಿರ. ಅರ್ಧ ಮಿಲಿಮೀಟರ್ ತಗಡಿನ ಒಟ್ಟು ತೂಕ 350 ಕೆಜಿ ಆಗಬಹುದು. ಹೆಂಚಿನದು ಮೂರು ಟನ್ನಿಗೂ ಜಾಸ್ತಿ. ಹೆಂಚು ತನ್ನ ಭಾರದಿಂದಲೇ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡ್ತಿದೆ. ಸೂರು, ಅಂಚು, ಮೂಲೆಗಳಲ್ಲಿ ಎಳೆತ ಜಾಸ್ತಿ, ಅದಕ್ಕೇ ನಿಮಗೆ ಸೂರಿನ ಸಾಲೇ ಏಳೋದು.

ಹೆಂಚಿನ ತಳಭಾಗದ ಮೂಗಿನಲ್ಲಿ ಒಂದು ತೂತು ಇರುತ್ತೆ, ಅದು ತಂತಿಗೇ ಇರೋದು. ಸೂರಿನ ಎರಡು ಸಾಲು, ಎರಡೂ ತುದಿಗೋಡೆ ಕಡೆಯ ಎರಡೆರಡು ಸಾಲು, ಒಟ್ಟು ಸುಮಾರು 300 ಹೆಂಚನ್ನ 18 ಗೇಜ್ ಜಿಐ (ಸತು ಲೇಪದ) ತಂತಿಯಲ್ಲಿ ರಿಪೀಸಿಗೆ (ಹೆಂಚು ಕೂರೋ ಮರದ ಪಟ್ಟಿ) ಕಟ್ಟಿಸಿ. ನೆತ್ತಿ ಹೆಂಚನ್ನ ಗಾರೆಯಲ್ಲಿ ಕೂರಿಸಿ. ಗೆದ್ದಲು ಹಿಡಿದ ರಿಪೀಸು ಮೊದಲು ಬದಲಾಗಬೇಕು, ಇಲ್ಲಾಂದ್ರೆ ಹೆಂಚು ರಿಪೀಸಿನ ಸಮೇತ ಹೋಗುತ್ತೆ.

ಆಮೇಲೆ ತೀರು (ಮಾಡು ಹೊರೋ ಮರದ ತೊಲೆ) ಗೋಡೆಗೆ ಬಿಗಿಯಾಗಬೇಕು. ಹಳೇ ಮನೆಗಳಲ್ಲಿ ತೀರು ಬರೀ ಗೋಡೆ ಮೇಲೆ ಕೂತಿರುತ್ತೆ. ಗೋಡೆಯ ತಲೆಯಿಂದ ಎರಡೂವರೆ ಅಡಿ ಕೆಳಗೆ ಈ ಬದಿಯಿಂದ ಆ ಬದಿಗೆ ತೂತು ಕೊರೆದು, ಎರಡೂ ಬದಿ ಅಂಗೈ ಅಗಲದ ಕಬ್ಬಿಣದ ಪಟ್ಟಿ ಇಟ್ಟು, 8 ಗೇಜ್ ಜಿಐ ತಂತಿ ಎರಡು ಸುತ್ತು ಹಾಕಿ ತೀರಿಗೆ ತಿರುಚಿ ಬಿಗಿಸಿ. ನಾಲ್ಕು ಅಡಿಗೊಂದು ಇರಲಿ. ಎರಡೂವರೆ ಅಡಿ ಯಾಕೆ ಅಂದ್ರೆ, ಅಷ್ಟು ಮಣ್ಣಿನ ಭಾರ ಸೇರಿದ್ರೇನೇ ಕಟ್ಟಿದ್ದು ಹಿಡಿಯೋದು. ಮೇಲಿನ ಅರ್ಧ ಅಡಿಗೆ ಕಟ್ಟಿದ್ರೆ ಗೋಡೆ ತಲೆಯೇ ಕಿತ್ತು ಬರುತ್ತೆ.

ಹಠ ಮಾಡಿ ಶೀಟೇ ಹಾಕಿಸೋದಾದ್ರೆ: ಸೂರು ಒಂದೂವರೆ ಅಡಿಗಿಂತ ಹೊರಗೆ ಚಾಚಬಾರದು. ರಬ್ಬರ್ ವಾಷರ್ ಇರೋ ಸ್ಕ್ರೂ 450ರಷ್ಟು ಬೇಕು. ಅಂಚಿನ ಸಾಲಲ್ಲಿ ಗೇಣಿಗೊಂದು, ನಡುವೆ ಅದರ ಎರಡರಷ್ಟು ಅಂತರ. ಸ್ಕ್ರೂ ಉಬ್ಬಿನ ಮೇಲೇ ಇರಲಿ, ತಗ್ಗಿನಲ್ಲಿ ಹಾಕಿದ್ರೆ ಸೋರುತ್ತೆ.

ಕಾಲಂಬಾಕ್ಸ್:
ಇಷ್ಟೆಲ್ಲಾ ಯಾಕೆ? ಆರ್‌ಸಿಸಿ ಮೌಲ್ಡ್ ಹಾಕಿಸಿಬಿಡಿ, ತಲೆನೋವೇ ಇರಲ್ಲ.

ತೀರುತೊಲೆ:
@ಕಾಲಂಬಾಕ್ಸ್ ನೆನೆದ ಮಣ್ಣಿನ ಗೋಡೆ ಮೇಲೆ ಮೌಲ್ಡಾ? ನಾಲ್ಕೂವರೆ ಇಂಚಿನ ಮೌಲ್ಡು ಚದರ ಮೀಟರಿಗೆ ಹತ್ತಿರ ಹತ್ತಿರ 290 ಕೆಜಿ. ಬುಡ ಕರಗ್ತಿರೋ ಗೋಡೆಗೆ ಅದನ್ನ ಹೊರಿಸಿದ್ರೆ ಕೆಳಗಿರೋರ ಗತಿ? ಕಾಲಂ ಎಬ್ಬಿಸಿದ್ರೆ ಸರಿ, ಆದ್ರೆ ಅದು ಹೊಸ ಮನೆ ಆಯ್ತು, ಲಕ್ಷದಲ್ಲಿ ಆಗಲ್ಲ.

@ನಾಲೆಬಯಲು ಗೋಡೆ ಬುಡದ ವಿಷಯ ಹೇಳೋದೇ ಬಿಟ್ಟುಹೋಯ್ತು. ಕರಗಿದ ಭಾಗವನ್ನ ಒಟ್ಟಿಗೆ ಕೆದಕಬೇಡಿ. ಮೂರು ಮೂರು ಅಡಿ, ಒಂದು ಬಿಟ್ಟು ಒಂದು, ಕಲ್ಲು ಅಥವಾ ಶೇ 5–8 ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ ತುಂಬಿ. ಹೊರಗಡೆ ಎರಡೂವರೆ ಅಡಿ ಅಗಲದ ಇಳಿಜಾರು ಕಟ್ಟೆ, ಅದರಾಚೆ ಚರಂಡಿ. ಸಿಮೆಂಟ್ ಪ್ಲಾಸ್ಟರ್ ಮಾತ್ರ ಬೇಡ. ಒಳಗಿನ ತೇವ ಹೊರಗೆ ಹೋಗೋಕೆ ಬಿಡಲ್ಲ, ಎರಡು ಮಳೆಗಾಲದಲ್ಲಿ ಮಣ್ಣು ಸಮೇತ ಹಪ್ಪಳದ ಥರ ಕಳಚುತ್ತೆ. ಸುಣ್ಣದ ಗಾರೆ ಮಾಡಿಸಿ.

ನಾಲೆಬಯಲು:
ಅರ್ಥ ಆಯ್ತು, ಹೆಂಚೇ ಇರಲಿ. ಹೊಸ ಮನೆ ಯೋಜನೆಗೆ ಅರ್ಜಿ ಹಾಕೋದು, ವಿಮೆ ಮಾಡಿಸೋದು, ಇವೆರಡರ ಬಗ್ಗೆ ಗೊತ್ತಿರೋರು ಹೇಳಿ.

ಮಹಜರು:
ಗ್ರಾಮೀಣ ಪ್ರಧಾನಮಂತ್ರಿ ಆವಾಸ್‌ನಲ್ಲಿ ಬಯಲುಸೀಮೆಗೆ 1.20 ಲಕ್ಷ, ಜೊತೆಗೆ ಗ್ರಾಮೀಣ ಉದ್ಯೋಗ ಖಾತ್ರಿ ಕೂಲಿ, ಶೌಚಾಲಯಕ್ಕೆ 12,000 ರೂ. ರಾಜ್ಯದ ಬಸವ ವಸತಿಗೆ ಗ್ರಾಮಸಭೆಯಲ್ಲಿ ಆಯ್ಕೆ. ಕಂತು ಬರೋದು ತಳಪಾಯ, ಗೋಡೆ, ಛಾವಣಿ ಅಂತ ಹಂತ ಮುಗಿದು ಜಿಪಿಎಸ್ ಫೋಟೊ ಏರಿದ ಮೇಲೆ. ಅಂದ್ರೆ ಪ್ರತಿ ಹಂತಕ್ಕೂ ಮೊದಲು ನಿಮ್ಮ ಕೈದುಡ್ಡು. ಮಂಜೂರಾಯ್ತು ಅಂತ ಹಳೇ ಮನೆ ಕೆಡವಿ, ಗೋಡೆ ಮಟ್ಟಕ್ಕೆ ನಿಂತು, ಮಳೆಗಾಲ ಪೂರ್ತಿ ಟಾರ್ಪಾಲಿನ ಕೆಳಗೆ ಕಳೆಯೋ ಪರಿಸ್ಥಿತಿ ಬರಬಾರದು.

ಮೈಸೂರು ನಗರದವರು ಓದ್ತಿದ್ರೆ: ನಗರ ಆವಾಸ್ 2.0ರ ಬಡ್ಡಿ ಸಹಾಯ ಮೊದಲ 8 ಲಕ್ಷ ಸಾಲಕ್ಕೆ ಶೇ 4, ಒಟ್ಟು ಗರಿಷ್ಠ 1.80 ಲಕ್ಷ. ಅದು ಪಕ್ಕಾ ಮನೆಯೇ ಇಲ್ಲದವರಿಗೆ, ಇರೋ ಮನೆ ರಿಪೇರಿಗಲ್ಲ.

ಪಾಲಿಸಿಪುಟ:
ವಿಮೆಗೆ 'ಭಾರತ್ ಗೃಹ ರಕ್ಷಾ' ಅಂತ ಕೇಳಿ. 2021ರ ಏಪ್ರಿಲ್‌ನಿಂದ ಬಂದಿರೋ ಒಂದೇ ಮಾದರಿಯ ಪಾಲಿಸಿ. ಬಿರುಗಾಳಿ, ನೆರೆ, ಸಿಡಿಲು ಎಲ್ಲ ಸೇರಿವೆ. ಮೊತ್ತ ಬರೆಯುವಾಗ ಜಾಗದ ಬೆಲೆ ಸೇರಿಸಬೇಡಿ, ಮತ್ತೆ ಕಟ್ಟೋ ಖರ್ಚು ಮಾತ್ರ. ಮನೆಯೊಳಗಿನ ಸಾಮಾನಿಗೆ ಆ ಮೊತ್ತದ ಶೇ 20, ಗರಿಷ್ಠ 10 ಲಕ್ಷದವರೆಗೆ ತಾನಾಗೇ ಸೇರುತ್ತೆ. ಅರ್ಜಿಯಲ್ಲಿ 'ಮಣ್ಣಿನ ಗೋಡೆ, ಹೆಂಚಿನ ಮಾಡು' ಅಂತ ಇದ್ದದ್ದು ಇದ್ದ ಹಾಗೇ ಬರೆಸಿ. ಏಜೆಂಟ್ ಪಕ್ಕಾ ಅಂತ ಗೀಚಿದ್ರೆ ಕ್ಲೇಮ್ ದಿನ ಸಿಕ್ಕಿಬೀಳೋರು ನೀವು. ವರ್ಷಗಟ್ಟಲೆ ಕರಗಿದ ಗೋಡೆಗೆ ಪಾಲಿಸಿ ದುಡ್ಡು ಕೊಡಲ್ಲ, ಆದ್ದರಿಂದ ಬುಡ ಸರಿ ಮಾಡಿಸಿ, ಫೋಟೊ ಇಟ್ಕೊಂಡು, ಆಮೇಲೆ ಮಾಡಿಸಿ.

ದುಡ್ಡು ಸಾಲದೆ ಬಂದ್ರೆ ಬೆಳೆ ಸಾಲವನ್ನ ಮಾತ್ರ ಮಾಡಿಗೆ ಸುರೀಬೇಡಿ. ಮನೆ ರಿಪೇರಿ ಸಾಲ ಅಂತಲೇ ತಗೊಂಡ್ರೆ, ಹಳೇ ತೆರಿಗೆ ಪದ್ಧತಿಯಲ್ಲಿರೋ ಮನೆ ಮಾಲೀಕರಿಗೆ ಬಡ್ಡಿ ಮೇಲೆ ವರ್ಷಕ್ಕೆ 30,000 ರೂ.ವರೆಗೆ ವಿನಾಯಿತಿಯೂ ಇದೆ. ಸಾಲ ಮನೆಯ ಖಾತೆ ಇರೋರ ಹೆಸರಲ್ಲೇ ಇರಬೇಕು, ನಿಮ್ಮ ವಿಷಯದಲ್ಲಿ ತಂದೆಯವರ ಹೆಸರಲ್ಲಿ.