ಸಹಾಯ ಬೇಕು: ಟಿಪ್ಪುವಿನ ಸೈನಿಕರ ಕಿರುಬೊಂಬೆಗಳಿಗೆ ತೈಲವರ್ಣದ ತೆಳುಲೇಪ

ಎಲ್ಲರಿಗೂ ನಮಸ್ಕಾರ. 1799ರ ಶ್ರೀರಂಗಪಟ್ಟಣ ಮುತ್ತಿಗೆಯ ಕಾಲದ ಟಿಪ್ಪು ಸುಲ್ತಾನನ ಕಾಲಾಳುಗಳ 28 ಮಿ.ಮೀ. ಬೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದೇನೆ. ಕಪ್ಪು ಪ್ರೈಮರ್ (ಅಡಿಬಣ್ಣ) ಹೊಡೆದು, ಮೇಲಿನಿಂದ ಮಾತ್ರ ಬಿಳಿ ಸಿಂಪಡಿಸಿ, ಅದರ ಮೇಲೆ ತೆಳುವಾದ ಅಕ್ರಿಲಿಕ್ ಬಣ್ಣ ಕೊಡುವ ವಿಧಾನ ನನಗೆ ಒಗ್ಗಿದೆ. ಬಟ್ಟೆಯ ಮಡಿಕೆಗಳಲ್ಲಿ ನೆರಳು ತಾನಾಗಿಯೇ ಉಳಿಯುತ್ತದೆ. ಈಗ ಮೊದಲ ಬಾರಿಗೆ ವೈಟ್ ಸ್ಪಿರಿಟ್ ಎಂಬ ದ್ರಾವಕದಲ್ಲಿ ತೆಳುಮಾಡಿದ ಕಂದು ತೈಲವರ್ಣವನ್ನು ಹಚ್ಚಿ, ಅರ್ಧ ಗಂಟೆಯ ನಂತರ ಹತ್ತಿಕಡ್ಡಿಯಿಂದ ಒರೆಸಿದಾಗ, ಭುಜ ಮತ್ತು ಮೊಣಕೈಗಳಲ್ಲಿ ಅಕ್ರಿಲಿಕ್ ಕಿತ್ತುಬಂದು, ಅಂಗಿಯ ಮೇಲಿನ ಬಬ್ರಿ, ಅಂದರೆ ಹುಲಿಪಟ್ಟೆಯ ಗುರುತುಗಳು, ಅಳಿಸಿಹೋದವು. ಒಂದೊಂದು ಪಟ್ಟೆಯೂ ರಾಗಿಕಾಳಿಗಿಂತ ಚಿಕ್ಕದು. ಎರಡು ಸಂಜೆಯ ಕೆಲಸವದು. ತೈಲವರ್ಣಕ್ಕೆ ಮೊದಲು ಹೊಳಪಿನ ವಾರ್ನಿಷ್ ಕೊಡಲೇಬೇಕೆ, ಕೊಟ್ಟರೆ ಎಷ್ಟು ಗಂಟೆ ಒಣಗಿಸಬೇಕು, ಪಟ್ಟೆಗಳನ್ನು ಕೊನೆಯಲ್ಲಿ ಬರೆಯುವುದೇ ಒಳ್ಳೆಯದೆ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.