ಪದಚರ್ಚೆ: ಅಕ್ಕನ ವಚನದ ‘ನಗೆವೆಣ್ಣು’ ಯಾರು?

ಮಾನ್ಯರೆ,

ಬಸವನಗುಡಿಯಲ್ಲಿ ನಡೆಯಲಿರುವ ವಚನಗಾಯನವೊಂದಕ್ಕೆ, ಹಾಡಿನ ಜೊತೆಗೇ ಪರದೆಯ ಮೇಲೆ ಮೂಡಬೇಕಾದ ಇಂಗ್ಲಿಷ್ ಸಾಲುಗಳನ್ನು ಸಿದ್ಧಪಡಿಸುತ್ತಿದ್ದೇನೆ. ಅಕ್ಕಮಹಾದೇವಿಯ ‘ಅತ್ತೆ ಮಾಯೆ, ಮಾವ ಸಂಸಾರಿ’ ವಚನದಲ್ಲಿ ಕೆಲಸ ನಿಂತಿದೆ. ಮನೆ ತುಂಬ ಜನ, ಯಾರೊಂದಿಗೂ ಹೊಂದಿಕೆಯಿಲ್ಲದ ಸೊಸೆ, ಇಷ್ಟು ತಿಳಿಯುತ್ತದೆ. ‘ನಾಲ್ವರು ನಗೆವೆಣ್ಣು ಕೇಳು ಕೆಳದಿ’ ಎಂಬಲ್ಲಿ ನಗೆವೆಣ್ಣು ಎಂದರೆ ನಗುವ ಹೆಂಗಸರೇ, ಗೇಲಿ ಮಾಡುವವರೇ, ಗಂಡನ ಗೆಳತಿಯರೇ? ‘ಐವರು ಭಾವದಿರನೊಯ್ವ ದೈವವಿಲ್ಲ’ ಎಂಬಲ್ಲಿಯ ಭಾವ ನೆಂಟಸ್ತಿಕೆಯದೋ, ಮನಸ್ಸಿನದೋ? ಶುಕ್ರವಾರದೊಳಗೆ ಒಪ್ಪಿಸಬೇಕಾಗಿದೆ, ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ:

ಮಾನ್ಯರೆ,

ನಗೆವೆಣ್ಣು ಇಲ್ಲಿ ನಾದಿನಿ. ಈ ವಚನವನ್ನು ಬೆಡಗೆಂದು, ಅಂದರೆ ಒಗಟಿನಂಥ ಸಾಂಕೇತಿಕ ವಚನವೆಂದು, ಬಿಡಿಸಲು ಹೊರಡುವ ಮೊದಲು ಒಂದು ಮನೆಯ ಜನರ ಪಟ್ಟಿಯೆಂದು ಓದಿದರೆ ಅರ್ಧ ತೊಡಕು ತಾನಾಗಿ ಸಡಿಲವಾಗುತ್ತದೆ. ಅತ್ತೆ, ಮಾವ, ಮೂವರು ಮೈದುನರು, ಐವರು ಭಾವಂದಿರು, ಆರು ಅತ್ತಿಗೆಯರು, ಏಳು ತೊತ್ತಿರು (ದಾಸಿಯರು), ಕೊನೆಗೆ ಗಂಡ, ಹೀಗೆ ಗಂಡನ ಮನೆಯ ನೆಂಟರೆಲ್ಲ ಸಾಲಾಗಿ ಬಂದಿರುವಾಗ ನಾಲ್ಕರ ಜಾಗದಲ್ಲಿ ಮಾತ್ರ ಎಲ್ಲಿಂದಲೋ ನಗುತ್ತ ಬಂದ ಹೊರಗಿನ ಹೆಂಗಸರು ಕೂರಲು ಸಾಧ್ಯವಿಲ್ಲ. ಆ ಪಟ್ಟಿಯಲ್ಲಿ ಉಳಿದಿರುವ ಒಂದೇ ನಂಟು ಗಂಡನ ತಂಗಿಯದು. ಎ. ಕೆ. ರಾಮಾನುಜನ್ ಅವರ 1973ರ ಇಂಗ್ಲಿಷ್ ಅನುವಾದದಲ್ಲಿ ಗಂಡನ ಯೋಚನೆಯ ತುಂಬ ನಗುವ ಹೆಂಗಸರಿದ್ದಾರೆ, ಎಣಿಕೆಯೂ ಮೂವರಿಗೇ ನಿಂತಿದೆ. ಕವಿತೆಯಾಗಿ ಅದು ಸೊಗಸಾಗಿದೆ, ಆದರೆ ಮೂರರಿಂದ ಏಳರವರೆಗೆ ಏರುವ ಲೆಕ್ಕವನ್ನು ಗಾಯಕರು ಹಾಡುತ್ತಿರುವಾಗ ತಮ್ಮ ಪರದೆ ಮೂರಕ್ಕೆ ನಿಲ್ಲುವಂತಿಲ್ಲ.

‘ಭಾವದಿರು’ ಮನಸ್ಸಿನ ಭಾವವಾಗುವುದಂತೂ ಸಾಧ್ಯವೇ ಇಲ್ಲ. ‘ದಿರು’ ಪ್ರತ್ಯಯ ಮನುಷ್ಯರಿಗೆ, ಅದರಲ್ಲೂ ನೆಂಟರಿಗೆ ಹತ್ತುವಂಥದ್ದು. ಭಾವನೆಗಳಿಗೆ ಅದನ್ನು ಯಾರೂ ಹಚ್ಚುವುದಿಲ್ಲ. ತೆಲುಗಿನಲ್ಲಿ ಇಂದಿಗೂ ‘ಬಾವ’ ಎಂದೇ ಇರುವ ಪದಕ್ಕೆ ನಾವು ಬರಹದಲ್ಲಿ ಮಹಾಪ್ರಾಣ ತೊಡಿಸಿದ್ದರಿಂದಲೇ ಈ ಗೊಂದಲ ಹುಟ್ಟಿದೆ. ‘ಒಯ್ವ ದೈವವಿಲ್ಲ’ ಎಂಬುದನ್ನು ಸೊಸೆಯ ಬಾಯಲ್ಲಿ ಕೇಳಿಸಿಕೊಳ್ಳಿ: ‘ಇವರನ್ನು ಕರೆದುಕೊಂಡು ಹೋಗುವ ದೇವರಾದರೂ ಇಲ್ಲವಲ್ಲ’ ಎಂಬ ಗೊಣಗಾಟ ಅದು. ಮೈದುನರನ್ನು ‘ಹುಲಿಯಂತವದಿರು’ ಎನ್ನುವಾಗಲೂ ಬರಿಯ ಹೋಲಿಕೆಯಿಲ್ಲ. ‘ಅವದಿರು’ ಎಂಬಲ್ಲಿ ತಾತ್ಸಾರ ಬೆರೆತಿದೆ. (ಐವರು ಭಾವಂದಿರಿಗೆ ಆರು ಅತ್ತಿಗೆಯರು ಹೇಗೆ ಎಂದು ಕೇಳುವವರಿಗೆ: ಗಂಡನ ಅಕ್ಕನೂ ಅತ್ತಿಗೆಯೇ.)

ಇನ್ನು ಸಂಕೇತ. ನಾಲ್ವರು ಅಂತಃಕರಣಗಳು (ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ), ಐವರು ಇಂದ್ರಿಯಗಳು, ಆರು ಜನ ಅರಿಷಡ್ವರ್ಗ ಎಂಬುದರಲ್ಲಿ ನನಗೆ ತಕರಾರಿಲ್ಲ. ಮೂವರನ್ನು ಮಲತ್ರಯವೆಂದು, ಅಂದರೆ ಜೀವಕ್ಕಂಟಿದ ಮೂರು ಮಲಗಳೆಂದು, ಹೇಳುವವರು ಆಣವದ ಜೊತೆಗೆ ಮಾಯೆಯನ್ನೂ ಕರ್ಮವನ್ನೂ ಮೈದುನರನ್ನಾಗಿ ಮಾಡಬೇಕಾಗುತ್ತದೆ. ಮಾಯೆ ಆಗಲೇ ಅತ್ತೆ, ಕರ್ಮ ಆಗಲೇ ಗಂಡ. ಆದ್ದರಿಂದ ತ್ರಿಗುಣವೇ ಸರಿ. ಏಳನ್ನು ಸಪ್ತವ್ಯಸನವೆಂದರೆ ಅರಿಷಡ್ವರ್ಗದ ಮಾತೇ ಮರುಕಳಿಸಿದಂತಾಗುತ್ತದೆ. ತೊತ್ತಿರದು ‘ಕಾಹು’, ಅಂದರೆ ಕಾಪು, ಕಾವಲು. ಜೀವದ ಸುತ್ತ ಕಾವಲಿರುವ, ರಸ, ರಕ್ತ, ಮಾಂಸ ಮೊದಲಾದ ದೇಹದ ಸಪ್ತಧಾತುಗಳು ಅಲ್ಲಿಗೆ ಹೆಚ್ಚು ಹೊಂದುತ್ತವೆ. ನಿಜವಾದ ಇಕ್ಕಟ್ಟಿರುವುದು ನಾಲ್ಕರಲ್ಲಿ. ಅಂತಃಕರಣಗಳಲ್ಲಿ ಮನಸ್ಸೂ ಒಂದು, ಆದರೆ ವಚನದ ಕೊನೆಯಲ್ಲಿ ‘ಮನವೆಂಬ ಸಖಿಯ ಪ್ರಸಾದದಿಂದ’ ಅನುಭಾವ ಕಲಿತೆನೆಂಬ ಮಾತಿದೆ. ಹಾಗಾದರೆ ನಾಲ್ವರು ನಾದಿನಿಯರಲ್ಲಿ ಒಬ್ಬಳು ಅತ್ತಿಗೆಯ ಪಕ್ಷಕ್ಕೆ ಬಂದಿದ್ದಾಳೆ. ಗೇಲಿ ಮಾಡಲೂ ಗುಟ್ಟು ಹಂಚಿಕೊಳ್ಳಲೂ ಸಲುಗೆಯಿರುವ ನೆಂಟಳು ಆ ಮನೆಯಲ್ಲಿ ನಾದಿನಿಯೊಬ್ಬಳೇ ಎಂಬುದರಿಂದ, ನಗೆವೆಣ್ಣು ಎಂಬ ಪದದ ಆಯ್ಕೆ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಈ ಗಂಡನನ್ನು ಕೌಶಿಕನೆಂದು, ಅಂದರೆ ಅಕ್ಕನ ಕಥೆಗಳಲ್ಲಿ ಅವಳನ್ನು ಬಯಸಿದ ಅರಸನೆಂದು, ಓದಬೇಕೆಂಬ ಸಲಹೆಯೂ ಈ ಪ್ರಶ್ನೆಗೆ ಬಂದ ಉತ್ತರಗಳಲ್ಲಿದೆ. ‘ಕರ್ಮವೆಂಬ ಗಂಡ’ ಎಂದು ಅಕ್ಕನೇ ಹೇಳಿರುವಾಗ ಅದನ್ನು ಚರ್ಚಿಸುವುದು ಅನಗತ್ಯ.

ನಾದಿನಿ ಸಂಸ್ಕೃತದ ‘ನನಾಂದೃ’ವಿನ ಸಂತತಿ, ಆದ್ದರಿಂದ ಅದನ್ನು ಕೈಬಿಟ್ಟು ನಗೆವೆಣ್ಣನ್ನೇ ಇಂದಿನ ಬಳಕೆಗೆ ತರಬೇಕೆಂದು ಇನ್ನೊಬ್ಬರು ಅಪ್ಪಣೆ ಕೊಡಿಸಿದ್ದಾರೆ. ಆ ವ್ಯುತ್ಪತ್ತಿಯನ್ನು ವಾದಕ್ಕಾಗಿ ಒಪ್ಪಿದರೂ ಅದರಿಂದ ಇಲ್ಲಿ ಏನೂ ಸಾಧಿತವಾಗುವುದಿಲ್ಲ. ಇದೇ ವಚನದಲ್ಲಿ ‘ಪ್ರಜೆ’ ಎಂಬ ಸಂಸ್ಕೃತ ಪದ ‘ಮಂದಿ’ ಎಂಬ ಅರ್ಥದಲ್ಲಿ ಅತ್ತಿಗೆಯರನ್ನೂ ತೊತ್ತಿರನ್ನೂ ಎಣಿಸುವ ಮನೆಗೆಲಸಕ್ಕೆ ನಿಂತಿದೆ, ಯಾರ ಅನುಮತಿಯನ್ನೂ ಕೇಳದೆ. ನೆಂಟರ ಹೆಸರುಗಳು ಮನೆಮಾತಿನವು, ಅವರು ನಿಂತಿರುವ ತತ್ತ್ವಗಳ ಹೆಸರುಗಳು ಸಂಸ್ಕೃತದವು; ಎರಡರಲ್ಲಿ ಒಂದನ್ನು ಹೊರಗೆ ಹಾಕಿದರೆ ಉಳಿಯುವುದು ಬರಿಯ ಮನೆಜಗಳ ಅಥವಾ ಬರಿಯ ಶಾಸ್ತ್ರ. ಹನ್ನೆರಡನೆಯ ಶತಮಾನದಲ್ಲಿ ಅಕ್ಕನಿಗೆ ಅಡ್ಡಿಯಾಗದ ಎರವಲು ಇಂದು ನಮಗೇಕೆ ಅಡ್ಡಿಯಾಗಬೇಕೋ ತಿಳಿಯದು.

ಪರದೆಯ ಸಾಲಿಗೆ ನನ್ನ ಸಲಹೆ ಇಷ್ಟು. ಸಿಸ್ಟರ್-ಇನ್-ಲಾ ಎಂಬ ಒಂದೇ ಪದವನ್ನು ನಾದಿನಿಗೂ ಅತ್ತಿಗೆಗೂ ಬಳಸಬೇಡಿ. ‘ಗಂಡನ ತಂಗಿಯರು ನಾಲ್ವರು’ ಎಂದು ಬಿಡಿಸಿಯೇ ಬರೆಯಿರಿ, ಸಾಲು ಉದ್ದವಾದರೂ ಆಗಲಿ. ‘ಬಾಯ ಟೊಣೆದು’ ಎಂಬಲ್ಲಿ ಬಾಯಿಗೆ ಹೊಡೆದು ಎಂದು ಅರ್ಥ ಮಾಡುವವರಿದ್ದಾರೆ, ವಂಚಿಸಿ ಎನ್ನುವವರೂ ಇದ್ದಾರೆ. ಮುಂದೆ ‘ಹಾದರವನಾಡುವೆನು ಹರನ ಕೊಡೆ’ (ಹರನೊಡನೆ) ಎಂದಿರುವುದರಿಂದ ವಂಚನೆಯೇ ಹೊಂದುತ್ತದೆ. ಹಾದರಕ್ಕೆ ಹೊರಟವಳು ಗಂಡನನ್ನು ಹೊಡೆದು ಎಬ್ಬಿಸಿ ಹೋಗುವುದಿಲ್ಲ. ಹಾದರ ಎಂಬ ಪದವನ್ನು ಸಭೆಗೆ ಅಂಜಿ ಮಿಲನ, ಸಮಾಗಮ ಎಂದು ಮೆದುಗೊಳಿಸಬೇಡಿ. ಎರವಲಿನ ವಾದ ಮುಂದುವರಿಸುವವರು ಬೇರೆ ತಲೆಬರಹದಡಿ ಬರೆಯಲಿ.