ಸಹಾಯ ಬೇಕು: ಮೇದೋಜೀರಕ ಗ್ರಂಥಿಗೆ, ಅಂದರೆ ಪ್ಯಾಂಕ್ರಿಯಾಸ್‌ಗೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಮಾಡಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಸಾಗರದ ಕಡೆಯವರು. ನನ್ನ ತಮ್ಮನಿಗೆ 31 ವರ್ಷ. ಎರಡು ವರ್ಷದಿಂದ ಮೇಲ್ಹೊಟ್ಟೆಯಲ್ಲಿ ನೋವು ಶುರುವಾಗಿ ಬೆನ್ನಿಗೆ ಹೊಡೆಯುತ್ತದೆ. ರಾತ್ರಿ ದಿಂಬು ಅಪ್ಪಿಕೊಂಡು ಮುಂದಕ್ಕೆ ಬಾಗಿ ಕೂತಿರುತ್ತಾನೆ. ಹಾಗೆ ಕೂತರೆ ಮಾತ್ರ ಸ್ವಲ್ಪ ಆರಾಮ. ಉಂಡರೆ ನೋವು ಬರುತ್ತದೆ ಅಂತ ತಟ್ಟೆಗೆ ಬಡಿಸಿದ್ದನ್ನೂ ಬಿಟ್ಟು ಏಳುತ್ತಾನೆ. 11 ಕೆ.ಜಿ. ಇಳಿದಿದ್ದಾನೆ. ಕುಡಿಯುವ ಅಭ್ಯಾಸ ಇಲ್ಲವೇ ಇಲ್ಲ. ಆದರೂ ಸಿಕ್ಕವರೆಲ್ಲ ಮೊದಲು ಅದನ್ನೇ ಕೇಳುತ್ತಾರೆ, ತುಂಬಾ ಬೇಜಾರಾಗುತ್ತದೆ.

ಬಹಳ ದಿನ ಗ್ಯಾಸ್ಟ್ರಿಕ್ ಅಂತಲೇ ಮಾತ್ರೆ ನುಂಗಿದ. ಸಿ.ಟಿ. ಸ್ಕ್ಯಾನಿನಲ್ಲೂ ಏನೂ ಸರಿಯಾಗಿ ಕಾಣಲಿಲ್ಲ. ಈಗಿನ ಡಾಕ್ಟರು ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸಿನ ಬಹುಕಾಲದ ಉರಿಯೂತ) ಇರಬಹುದು, ಈ ಪರೀಕ್ಷೆ ಮಾಡಿಸಿ ಅಂದಿದ್ದಾರೆ. ಬಾಯಿಂದ ಇಳಿಸುವ ಕೊಳವೆಯ ತುದಿಯಲ್ಲೇ ಅಲ್ಟ್ರಾಸೌಂಡ್ ಇರುತ್ತದೆ. ಪ್ಯಾಂಕ್ರಿಯಾಸ್ ಜಠರದ ಹಿಂದೆಯೇ ಇರುವುದರಿಂದ ಅಷ್ಟು ಹತ್ತಿರದಿಂದ ನೋಡಿದರೆ ಸಣ್ಣ ಕಲ್ಲು, ನಾಳ ಹಿಗ್ಗಿರುವುದು, ಗಟ್ಟಿಯಾದ ಎಳೆಗಳು ಬೇಗ ಗೊತ್ತಾಗುತ್ತವಂತೆ. ಮುಂದೆ ನೋವು ತಡೆಯಲಾಗದಿದ್ದರೆ ಅದೇ ಕೊಳವೆಯಿಂದ ಸೂಜಿ ಹಾಕಿ ಹೊಟ್ಟೆಯ ನೋವನ್ನು ಮೆದುಳಿಗೆ ಮುಟ್ಟಿಸುವ ಸೀಲಿಯಾಕ್ ನರಗಳ ಹತ್ತಿರ ಇಂಜೆಕ್ಷನ್ ಕೊಡಬಹುದಂತೆ. ಆದರೆ ಅದು ಎಲ್ಲರಿಗೂ ಹಿಡಿಯುವುದಿಲ್ಲ, ಹಿಡಿದರೂ ಕೆಲವು ವಾರ ಅಥವಾ ತಿಂಗಳು ಅಷ್ಟೇ ಎಂದರು.

ಮಾಡಿಸಿಕೊಂಡವರು ದಯವಿಟ್ಟು ಹೇಳಿ. ಅದೇ ದಿನ ಮನೆಗೆ ಕಳಿಸಿದರಾ? ಮಣಿಪಾಲ, ಮಂಗಳೂರು, ಬೆಂಗಳೂರು ಕಡೆ ಎಷ್ಟು ಖರ್ಚಾಯಿತು? ಆ ಇಂಜೆಕ್ಷನ್ ತಗೊಂಡವರಿಗೆ ನಿಜವಾಗಲೂ ನೋವು ಕಡಿಮೆಯಾಯಿತಾ? ಜೀರ್ಣಕ್ಕೆ ಅಂತ ಊಟದ ಜೊತೆ ತಗೊಳ್ಳುವ ಎಂಜೈಮ್ ಕ್ಯಾಪ್ಸೂಲಿನಿಂದ ತೂಕ ಬಂತಾ? ಸುಮ್ನೆ ಧೈರ್ಯ ಹೇಳುವುದು ಬೇಡ, ಆದದ್ದನ್ನು ಆದ ಹಾಗೆ ಹೇಳಿ. ಸೋಮವಾರ ದಿನ ಗೊತ್ತುಮಾಡಬೇಕು.